ತವರಿನ ಖರ್ಚು

ಪ್ರಿಯ ಓದುಗರೆ,

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಬಗೆಗಿನ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: ‘ಮರದ ಮಾಲೀಕರಿಗೆ ದುಡ್ಡು ಕೊಟ್ಟು ಹಕ್ಕಿ ಉಳಿಸುವುದಾದರೆ ಊರವರ ಪ್ರೀತಿ ಎಲ್ಲಿ ಬಂತು? ದುಡ್ಡು ನಿಂತ ದಿನ ಮರಕ್ಕೆ ಕೊಡಲಿ ಬೀಳುವುದಿಲ್ವಾ?’

ಮೊದಲು ಮರದ ಮಾತು. ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಜಾಸ್ತಿ ಹುಣಸೆ ಮರದಲ್ಲಿ. ಹಣ್ಣು ಬಡಿಯುವ ಕಾಲ, ಹಕ್ಕಿ ಮರಿ ಮಾಡುವ ಕಾಲ ಎರಡೂ ಒಂದೇ. ಗೂಡಲ್ಲಿ ಮರಿ ಇರುವಾಗ ಕೊಂಬೆ ಅಲ್ಲಾಡಿಸುವಂತಿಲ್ಲ. ಹಣ್ಣಿನ ಮೇಲೆಲ್ಲ ಹಿಕ್ಕೆ. ಅಂಗಳದಲ್ಲಿ ಮೀನಿನ ನಾತ. ಹುಣಸೆಹಣ್ಣು ಮಾರಿ ನಾಲ್ಕು ಕಾಸು ಕಾಣುವ ಮನೆಗೆ ಇದು ವರ್ಷ ವರ್ಷದ ನಷ್ಟ. ಹಿಕ್ಕೆ ಹೊಲಕ್ಕೆ ಒಳ್ಳೆ ಗೊಬ್ಬರ, ನಿಜ. ಅಷ್ಟರಿಂದ ಲೆಕ್ಕ ಸರಿಹೋಗುವುದಿಲ್ಲ.

ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಗಿನವರ ಗಮನಕ್ಕೆ ತಂದದ್ದು 1976ರಲ್ಲಿ. ಮರಕ್ಕೆ ಪರಿಹಾರ ಶುರುವಾದದ್ದು ಆಮೇಲೆ. ಹಕ್ಕಿಗಳು ಅದಕ್ಕೂ ಎಷ್ಟೋ ಮೊದಲಿನಿಂದ ಅಲ್ಲಿವೆ. ಪ್ಲೇಗ್ ಬಂದು ಹಳೇ ಊರು ಬಿಟ್ಟಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅನ್ನುತ್ತಾರೆ ಅವರು. ಆ ಖರ್ಚಿಗೆ ಯಾರೋ ಕೈಜೋಡಿಸಿದರೆ ತಾಯಿಯ ಪ್ರೀತಿ ಸುಳ್ಳಾಗುತ್ತಾ?

ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ದೊಡ್ಡದು ಮಾಡಿ ಬಿಟ್ಟವರು ಊರಿನ ಹುಡುಗರೇ. ತಮ್ಮ ಗುಂಪಿಗೆ ‘ಹೆಜ್ಜಾರ್ಲೆ ಬಳಗ’ ಅಂತ ಹೆಸರಿಟ್ಟುಕೊಂಡಿದ್ದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಊರವರೂ ಸೇರಿ ಕಾಪಾಡುವ ರಕ್ಷಿತ ಜಾಗ. ಆ ಹೆಸರಿನ ಹಿಂದೆ ಇಂಥ ದುಡಿಮೆ ಇದೆ.

ಆದರೂ ನಿಮ್ಮ ಭಯವನ್ನು ನಾನು ತಳ್ಳಿಹಾಕಲಾರೆ. ಮರ ಕಡಿದು ಮಾರಿದರೆ ಒಂದೇ ಸಲಕ್ಕೆ ದುಡ್ಡು ಕೈಗೆ ಬರುತ್ತದೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಎದುರಿಗೆ ನಿಂತಾಗ ಬಡವನೊಬ್ಬನೇ ಹಕ್ಕಿಯ ಭಾರ ಹೊರಬೇಕು ಅನ್ನುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ. ಹಕ್ಕಿ ನೋಡಿ ಖುಷಿಪಡುವ ನಾವೆಲ್ಲ ಆ ನಷ್ಟದಲ್ಲಿ ಪಾಲು ಹೊರಬೇಕು. ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು. ಇನ್ನೊಂದು ಮಾತು: ಮರ ಉಳಿದರೆ ಸಾಲದು. ಮರಿಗೆ ಮೀನು ಬರುವುದು ಶಿಂಷಾ ನದಿಯಿಂದ, ಸುತ್ತಲಿನ ಕೆರೆಗಳಿಂದ. ಆ ಕೆರೆಗಳು ಬೇರೆ ಊರುಗಳವು. ಅಲ್ಲಿ ನೀರು ಕೆಟ್ಟರೆ ಬೆಳ್ಳೂರಿನವರು ಏನು ಮಾಡಿಯಾರು?

ಬೇಸಿಗೆಗೆ ಮುಂಚೆ ಒಮ್ಮೆ ಹೋಗಿ ಬನ್ನಿ. ಕ್ಯಾಮೆರಾ ತೆಗೆಯುವ ಮೊದಲು ಮರ ಇರುವ ಮನೆಯವರನ್ನು ಮಾತಾಡಿಸಿ. ಈ ಸಲ ಎಷ್ಟು ಹುಣಸೆಹಣ್ಣು ಕೈಗೆ ಬಂತು ಅಂತ ಕೇಳಿ. ಅವರು ಹೇಳಿದ್ದನ್ನು ನಮಗೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ