ಹತ್ತು ದಿನದ ಐರ್ಲೆಂಡ್: ಏನು ನೋಡಬೇಕು, ಯಾರನ್ನು ಮಾತಾಡಿಸಬೇಕು?

ಈ ಸಲದ ಪತ್ರಗಳಲ್ಲಿ ಐರ್ಲೆಂಡ್‌ನದೇ ಮಾತು. ನಮ್ಮ ಜಿಲ್ಲೆಯ ಒಂದು ಕಾಲೇಜು ಕಾಮರ್ಸ್ ಮಕ್ಕಳನ್ನು ಹತ್ತು ದಿನದ ಅಧ್ಯಯನ ಪ್ರವಾಸಕ್ಕೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದೆಯಂತೆ. ಮಡಿಕೇರಿಯಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಾಗ ಇಂಥದೇ ಒಂದು ತಂಡದ ಜೊತೆ ನಾನೂ ಹೋಗಿದ್ದೆ. ಆ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮಗಳು ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳೆ. ಕಾಫಿಗೆ ರೇಟು ಬಂದಿದೆ ಅಂತ ಯಜಮಾನರು ಹೂಂ ಅಂದುಬಿಟ್ಟರು. ಹತ್ತು ದಿನದಲ್ಲಿ ಏನು ಕಲಿಯುತ್ತಾಳೆ? ಸುಮ್ನೆ ದುಡ್ಡು ದಂಡ ಅಲ್ವಾ?
– ಒಬ್ಬ ತಾಯಿ, ನಾಪೋಕ್ಲು

ಉತ್ತರ: ಕೈಯಲ್ಲಿರುವ ದುಡ್ಡಾದರೆ ಕಳಿಸಿ. ಸಾಲ ಮಾಡಿ ಕಳಿಸಬೇಡಿ. ಇಂಥ ಪ್ರವಾಸದಿಂದ ಕೆಲಸ ಸಿಗುವುದಿಲ್ಲ, ಅಲ್ಲಿ ಮುಂದೆ ಓದಲು ಸೀಟೂ ಸಿಗುವುದಿಲ್ಲ. ಹಾಗೆ ಯಾರಾದರೂ ಹೇಳಿದ್ದರೆ ನಂಬಬೇಡಿ.

ದುಡ್ಡು ಕಟ್ಟುವ ಮೊದಲು ಕಾಲೇಜಿನವರಿಂದ ದಿನದ ಕಾರ್ಯಕ್ರಮ ತರಿಸಿಕೊಂಡು ಓದಿ. ಬೆಳಗ್ಗೆಯಿಂದ ಸಂಜೆವರೆಗೆ ಬಸ್ಸು, ಫೋಟೋ, ಶಾಪಿಂಗ್ ಅಂತಿದ್ದರೆ ಅದು ಟೂರು, ಅಷ್ಟೇ. ಅಲ್ಲಿಯ ಜನರ ಜೊತೆ ಕೂತು ಮಾತಾಡುವ ಹೊತ್ತು ಎಷ್ಟಿದೆ ಅಂತ ಕೇಳಿ. ಹತ್ತು ದಿನದಲ್ಲಿ ಒಂದು ದೇಶ ಅರ್ಥವಾಗುವುದಿಲ್ಲ, ನಿಜ. ಆದರೆ ಮನೆ ಬಿಟ್ಟು ಹೋದ ಮಕ್ಕಳ ಬಗ್ಗೆ, ಉಳಿದುಕೊಂಡವರ ಬಗ್ಗೆ ನಾಲ್ಕು ಜನರನ್ನು ಕೇಳಿ ಬಂದರೂ ನಿಮ್ಮ ಮಗಳಿಗೆ ನಾಪೋಕ್ಲು ಬೇರೆ ಥರ ಕಾಣುತ್ತೆ. ನಮ್ಮಲ್ಲೂ ಅದೇ ಕಥೆ ತಾನೇ? ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರು, ಮಕ್ಕಳೆಲ್ಲ ಬೆಂಗಳೂರಲ್ಲಿ.

ಪ್ರಶ್ನೆ: ಐರ್ಲೆಂಡ್ ಬಡ ದೇಶವಾಗಿತ್ತು, ಕಂಪನಿ ತೆರಿಗೆ ಇಳಿಸಿದ್ದಕ್ಕೆ ಶ್ರೀಮಂತವಾಯಿತು ಅಂತ ಓದಿದೆ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಹಾಗೇ ಬರೆದರೆ ಸಾಕಾ?
– ಬಿ.ಕಾಂ. ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಬರೆದರೆ ಪಾಸಾಗುತ್ತೀಯ. ಆದರೆ ಅದು ಅರ್ಧ ಸತ್ಯ ಕಣಪ್ಪ.

ರಫ್ತಿನ ಲಾಭಕ್ಕೆ ಅವರು ತೆರಿಗೆ ರಿಯಾಯಿತಿ ಕೊಡಲು ಶುರು ಮಾಡಿದ್ದು 1956ರಲ್ಲಿ. ಆಮೇಲೆ ಮೂವತ್ತು ವರ್ಷ ಕಳೆದರೂ, ಅಂದರೆ 1980ರ ದಶಕದ ನಡುವಿನಲ್ಲಿ, ನಿರುದ್ಯೋಗ ಶೇ 17ರ ಹತ್ತಿರ ಇತ್ತು. ಓದಿದ ಹುಡುಗರು ಲಂಡನ್ನಿಗೋ ಬಾಸ್ಟನ್ನಿಗೋ ಹೊರಡುತ್ತಿದ್ದರು. ತೆರಿಗೆಯೊಂದೇ ಮದ್ದಾಗಿದ್ದರೆ ಅಷ್ಟು ವರ್ಷ ಯಾಕೆ ಕಾಯಬೇಕಿತ್ತು? ಮಧ್ಯೆ ಏನೇನಾಯಿತು ನೋಡು. 1958ರಲ್ಲಿ ಟಿ.ಕೆ. ವಿಟಕರ್ ಎಂಬ ಹಣಕಾಸು ಇಲಾಖೆಯ ಅಧಿಕಾರಿ ಒಂದು ವರದಿ ಬರೆದರು. ಬೇಲಿ ಹಾಕಿಕೊಂಡು ಕೂತರೆ ಆಗದು, ಹೊರಗಿನ ಬಂಡವಾಳ ಬರಲಿ ಎಂಬುದು ಅದರ ಸಾರ. 1967ರಿಂದ ಹೈಸ್ಕೂಲ್ ಶಿಕ್ಷಣ ಉಚಿತವಾಯಿತು. 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಸೇರಿದರು. ಆ ಉಚಿತ ಶಾಲೆಯಲ್ಲಿ ಓದಿ ಬಂದ ಮಕ್ಕಳು, ಇಂಗ್ಲಿಷು, ಯುರೋಪಿನ ದೊಡ್ಡ ಮಾರುಕಟ್ಟೆ, ಕಡಿಮೆ ತೆರಿಗೆ, ಎಲ್ಲ ಒಟ್ಟಿಗೆ ಕೂಡಿ ಬಂದದ್ದು 1990ರ ದಶಕದಲ್ಲಿ. ಎಲ್ಲರೂ ಹೇಳುವ ಶೇ 12.5 ತೆರಿಗೆ ಪೂರ್ತಿ ಜಾರಿಯಾದದ್ದು 2003ರಲ್ಲಿ. ಅಷ್ಟರಲ್ಲಿ ಬೆಳವಣಿಗೆಯ ಓಟ ಮುಕ್ಕಾಲು ಮುಗಿದಿತ್ತು! ಶಾಲೆಯ ಭಾಗವನ್ನು ನಮ್ಮವರು ಯಾರೂ ಹೇಳುವುದೇ ಇಲ್ಲ. ನನಗೆ ಅದೇ ಸಿಟ್ಟು.

ಬಿದ್ದದ್ದನ್ನೂ ಬರೆ. ಬ್ಯಾಂಕುಗಳು ಮನೆ, ಜಾಗದ ಮೇಲೆ ಸಿಕ್ಕಾಪಟ್ಟೆ ಸಾಲ ಕೊಟ್ಟವು. 2008ರಲ್ಲಿ ಎಲ್ಲ ಕುಸಿಯಿತು, ಬ್ಯಾಂಕುಗಳ ಸಾಲಕ್ಕೆ ಸರ್ಕಾರವೇ ಜಾಮೀನು ನಿಂತಿತು. 2010ರಲ್ಲಿ 85 ಬಿಲಿಯನ್ ಯೂರೋ ನೆರವಿನ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಮಕ್ಕಳು ಮತ್ತೆ ವಿಮಾನ ಹತ್ತಿದರು, ಈ ಸಲ ಆಸ್ಟ್ರೇಲಿಯಾ, ಕೆನಡಾ ಕಡೆಗೆ.

ತಲಾ ಆದಾಯದ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡ. 2015ರ ಜಿಡಿಪಿ ಶೇ 26 ಏರಿತು ಅಂತ ಅವರ ಅಂಕಿಅಂಶ ಇಲಾಖೆಯೇ ಹೇಳಿತು. ಒಂದೇ ವರ್ಷದಲ್ಲಿ! ಊರಲ್ಲಿ ಒಂದು ಅಂಗಡಿಯೂ ಜಾಸ್ತಿ ಆಗಿರಲಿಲ್ಲ. ವಿದೇಶಿ ಕಂಪನಿಗಳು ತಮ್ಮ ಪೇಟೆಂಟು ಗಿಟೆಂಟನ್ನೆಲ್ಲ ಐರ್ಲೆಂಡಿನ ಲೆಕ್ಕಕ್ಕೆ ಬರೆದುಕೊಂಡಿದ್ದವು. ಆಮೇಲೆ ಇಲಾಖೆ ಅಂಥದ್ದನ್ನು ಕಳೆದು ತೋರಿಸುವ ಬೇರೆ ಲೆಕ್ಕವನ್ನೇ ಮಾಡಿತು. ನಿನ್ನ ರಿಪೋರ್ಟಿಗೆ ಅದನ್ನು ಬಳಸು. ಇನ್ನೊಂದು ತಮಾಷೆ. ಆಪಲ್ ಕಂಪನಿ 13 ಬಿಲಿಯನ್ ಯೂರೋ ಹಿಂದಿನ ತೆರಿಗೆ ಕಟ್ಟಬೇಕು ಅಂತ ಯುರೋಪಿನ ನ್ಯಾಯಾಲಯ 2024ರಲ್ಲಿ ತೀರ್ಪು ಕೊಟ್ಟಿತು. ಆ ದುಡ್ಡು ನಮಗೆ ಬೇಡ ಅಂತ ಅಷ್ಟು ವರ್ಷ ಕೋರ್ಟಲ್ಲಿ ವಾದ ಮಾಡಿದ್ದು ಐರ್ಲೆಂಡ್ ಸರ್ಕಾರವೇ!

ಡಬ್ಲಿನ್‌ನಲ್ಲಿ ಲಿಫಿ ನದಿಯ ದಡಕ್ಕೆ, ಕಸ್ಟಮ್ ಹೌಸ್ ಕೀ ಎಂಬಲ್ಲಿಗೆ ತಪ್ಪದೆ ಹೋಗು. ಎಲುಬು ಗೂಡಾದ ಕಂಚಿನ ಮನುಷ್ಯರು ಹಡಗಿನ ಕಡೆ ನಡೆಯುತ್ತಿದ್ದಾರೆ. ಒಬ್ಬಳು ಗಂಟನ್ನು ಎದೆಗೆ ಒತ್ತಿಕೊಂಡಿದ್ದಾಳೆ. ಒಬ್ಬನ ಹೆಗಲ ಮೇಲೆ ನಿತ್ರಾಣವಾದ ಮೈಯೊಂದು ಜೋತಾಡುತ್ತಿದೆ. ಹಿಂದೆ ಒಂದು ನಾಯಿ. ಶಿಲ್ಪಿ ರೋವನ್ ಗಿಲೆಸ್ಪಿ ಮಾಡಿದ್ದು. 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿದ್ದು, ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ದೇಶ ಬಿಟ್ಟ ಬರಗಾಲದ ನೆನಪಿಗೆ. ಬಡವರು ಲಂಪರ್ ಎಂಬ ಒಂದೇ ತಳಿ ನಂಬಿ ಬದುಕುತ್ತಿದ್ದರು. ಆ ವರ್ಷಗಳಲ್ಲೂ ಧಾನ್ಯ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಲೇ ಇತ್ತು. ಈ ಮೂರ್ತಿಗಳ ಬೆನ್ನಿಗೇ ಬ್ಯಾಂಕು, ಫಂಡು ಕಂಪನಿಗಳ ಗಾಜಿನ ಕಟ್ಟಡಗಳಿವೆ. ಅಲ್ಲಿ ಊಟದ ಬಿಡುವಿಗೆ ಹೊರಗೆ ಬರುವ ಹುಡುಗ ಹುಡುಗಿಯರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳು: ಬಾಡಿಗೆ ಎಷ್ಟು? ನಮ್ಮ ತಂಡ ಕೇಳಿದಾಗ ಮುಗುಳ್ನಗುತ್ತಿದ್ದವರೆಲ್ಲ ಕೋಪದಲ್ಲಿ ಮಾತಾಡತೊಡಗಿದರು. ಒಳ್ಳೆ ಸಂಬಳವಿದ್ದೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದೇವೆ ಅಂದವರೇ ಹೆಚ್ಚು.

ಪ್ರಶ್ನೆ: ಮೇಡಂ, ಸಂಸ್ಕೃತಿ ಅಂದರೆ ಪಬ್ಬು, ಡ್ಯಾನ್ಸು ಇಷ್ಟೇ ತೋರಿಸುತ್ತಾರಂತೆ. ನಾನು ಹಾಕಿ ಆಡುತ್ತೇನೆ. ಅಲ್ಲಿ ನನಗೆ ನೋಡಲು ಏನಿದೆ?
– ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಹಾಗಾದರೆ ನಿನ್ನಷ್ಟು ಅದೃಷ್ಟ ಯಾರಿಗೂ ಇಲ್ಲ! ಹರ್ಲಿಂಗ್ ನೋಡು. ತಂಡಕ್ಕೆ ಹದಿನೈದು ಜನ, ಆಶ್ ಮರದ ಅಗಲ ತುದಿಯ ಕೋಲು, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಚಿಕ್ಕ ಚೆಂಡು. ಚೆಂಡನ್ನು ಗಾಳಿಯಲ್ಲೇ ಹೊಡೆಯುತ್ತಾರೆ, ಕೋಲಿನ ತುದಿಯ ಮೇಲೆ ಕೂರಿಸಿಕೊಂಡು ಓಡುತ್ತಾರೆ. ಹುಡುಗಿಯರು ಆಡುವುದಕ್ಕೆ ಕಮೋಗಿ ಅನ್ನುತ್ತಾರೆ.

ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂಗೆ ಕರೆದುಕೊಂಡು ಹೋಗೇ ಹೋಗುತ್ತಾರೆ. 82 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾಗ. ಫೈನಲ್ ದಿನ ಅಷ್ಟೂ ತುಂಬುತ್ತದೆ. ಆದರೂ ಆಡುವವರಿಗೆ ಸಂಬಳವಿಲ್ಲ. ಮೇಷ್ಟ್ರು, ರೈತರು, ಪೊಲೀಸರು, ಎಲ್ಲ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರು. ಐರ್ಲೆಂಡ್ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ, 1920ರ ನವೆಂಬರ್ 21ರಂದು, ಬ್ರಿಟಿಷ್ ಪಡೆ ಇದೇ ಮೈದಾನಕ್ಕೆ ನುಗ್ಗಿ ಗುಂಡು ಹಾರಿಸಿತು. ಹದಿನಾಲ್ಕು ಜನ ಸತ್ತರು. ಅವರಲ್ಲಿ ಆಡುತ್ತಿದ್ದ ಮೈಕಲ್ ಹೋಗನ್ ಒಬ್ಬ. ಒಂದು ಸ್ಟ್ಯಾಂಡಿಗೆ ಅವನದೇ ಹೆಸರು.

ಆದರೆ ನಿಜವಾದ ಆಟ ಇರುವುದು ಹಳ್ಳಿಯಲ್ಲಿ. ಗಾಲ್ವೇ ಕಡೆ ಹೋದಾಗ, ವಾರದ ಮಧ್ಯೆ ಒಂದು ಸಂಜೆ ಯಾವುದಾದರೂ ಊರಿನ ಕ್ಲಬ್ಬಿಗೆ ಹೋಗೋಣ ಅಂತ ನಿಮ್ಮ ಲೆಕ್ಚರರ್ ಬೆನ್ನು ಬೀಳು. ನಾವು ಹೋದಾಗ ಜಿಟಿಜಿಟಿ ಮಳೆ. ಏಳೆಂಟು ವರ್ಷದ ಮಕ್ಕಳು ಮಂಡಿಯವರೆಗೆ ಕೆಸರು ಮಾಡಿಕೊಂಡು ಚೆಂಡಿನ ಹಿಂದೆ ಓಡುತ್ತಿದ್ದರು. ಅಂಗಿಯ ಮೇಲೆ ಊರಿನ ಕಿರಾಣಿ ಅಂಗಡಿಯ ಹೆಸರು. ಬೇಲಿ ಪಕ್ಕ ಒಬ್ಬರು ಅಜ್ಜ ಮುರಿದ ಕೋಲಿಗೆ ತಗಡಿನ ಪಟ್ಟಿ ಸುತ್ತಿ, ಸಣ್ಣ ಮೊಳೆ ಹೊಡೆಯುತ್ತಾ ಕೂತಿದ್ದರು. ಆಶ್ ಮರಕ್ಕೆ ಈಗ ಒಣಗುವ ರೋಗ ಬಂದು ಕೋಲಿಗೆ ಮರವೇ ಸಿಗುವುದಿಲ್ಲ, ಹೊರದೇಶದಿಂದ ತರಿಸುತ್ತಾರೆ, ಬಿದಿರಿನಲ್ಲೂ ಮಾಡುತ್ತಿದ್ದಾರೆ ಅಂದರು. ನಮ್ಮ ಹುಡುಗರಲ್ಲಿ ಒಬ್ಬ ಮೊಬೈಲು ತೆಗೆದು ಕೊಡವ ಕುಟುಂಬ ಹಾಕಿಯ ವಿಡಿಯೋ ತೋರಿಸಿದ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು, ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು, ಅಂದರೆ ಮನೆತನಗಳು, ಆಡುತ್ತವೆ, ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಇರುತ್ತಾರೆ ಅಂದ. ಅಜ್ಜ ಸುತ್ತಿಗೆ ಕೆಳಗಿಟ್ಟು ಕೇಳಿದರು: 'ಬೆಂಗಳೂರಿಗೆ ಹೋದವರು ಆಟಕ್ಕೆ ವಾಪಸ್ ಬರುತ್ತಾರಾ?' ಬರುತ್ತಾರೆ ಅಂದ. 'ಆಟ ಮುಗಿದ ಮೇಲೆ?' ಅದಕ್ಕೆ ನಮ್ಮ ಹುಡುಗ ನನ್ನ ಮುಖ ನೋಡಿದ.

ಭಾಷೆಯನ್ನೂ ಗಮನಿಸು. ಐರಿಷ್ ಅವರ ಮೊದಲ ಅಧಿಕೃತ ಭಾಷೆ, ಶಾಲೆಯಲ್ಲಿ ಎಲ್ಲರೂ ಕಲಿಯುತ್ತಾರೆ, ಬೋರ್ಡುಗಳಲ್ಲೆಲ್ಲ ಇದೆ. ಆದರೆ 2022ರ ಜನಗಣತಿ ಪ್ರಕಾರ ಶಾಲೆಯ ಹೊರಗೆ ದಿನಾ ಮಾತಾಡುವವರು ಸುಮಾರು 72 ಸಾವಿರ ಅಷ್ಟೇ. ಕೊಡವ ತಕ್ಕ್, ಅಂದರೆ ಕೊಡವ ಭಾಷೆಯ ಬಗ್ಗೆ ಚಿಂತೆ ಮಾಡುವವರಿಗೆ ಇದನ್ನು ಬಂದು ಹೇಳು.

ಪ್ರಶ್ನೆ: ಮಕ್ಕಳೇನೋ ಹೋಗಿ ಬರುತ್ತಾರೆ. ಕಾಫಿ ಬೆಳೆಗಾರನಿಗೆ ಇದರಿಂದ ಏನು?
– ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಅವರ ಬೆಣ್ಣೆಯ ಕಥೆ ಕೇಳಿಕೊಂಡು ಬರಲಿ ಸರ್. 1961ರಲ್ಲಿ ಹಾಲಿನ ಮಂಡಳಿ ಕಟ್ಟಿ, ಕೆರಿಗೋಲ್ಡ್ ಎಂಬ ಒಂದೇ ಹೆಸರಿನಲ್ಲಿ ಬೆಣ್ಣೆಯನ್ನು ಹೊರಗೆ ಮಾರಲು ಹೊರಟರು. ಇವತ್ತು ಅದು ಜರ್ಮನಿ, ಅಮೆರಿಕದ ಅಂಗಡಿಗಳಲ್ಲೆಲ್ಲ ಇದೆ. ನಮ್ಮ ಕಾಫಿ ಇಟಲಿಗೆ ಹೋಗಿ ಬೇರೆಯವರ ಪ್ಯಾಕೆಟ್ಟಿನಲ್ಲಿ ಕರಗಿ ಹೋಗುತ್ತಿದೆ, ಅಲ್ವಾ?

ಪ್ರಶ್ನೆ: ಬೆಲ್‌ಫಾಸ್ಟ್ ಕೂಡ ನೋಡಬಹುದಾ? ಮಳೆಗೆ ಏನು ತಗೊಂಡು ಹೋಗಬೇಕು?
– ವಿದ್ಯಾರ್ಥಿ, ಕುಶಾಲನಗರ

ಉತ್ತರ: ಮಳೆಗೆ ಹೆದರಬೇಡ. ಡಬ್ಲಿನ್‌ಗೆ ವರ್ಷವಿಡೀ ಬೀಳುವುದು ಸುಮಾರು 750 ಮಿ.ಮೀ. ನಮ್ಮ ಮಡಿಕೇರಿ ಜುಲೈ ಒಂದರಲ್ಲೇ ಅಷ್ಟು ಸುರಿಸುತ್ತದೆ. ಗಾಳಿ ಜಾಸ್ತಿ, ಕೊಡೆ ನಿಲ್ಲುವುದಿಲ್ಲ. ತಲೆಗೆ ಟೋಪಿ ಇರುವ ಜಾಕೆಟ್ ಸಾಕು.

ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ಗಡಿಯಲ್ಲಿ ಗೇಟು ಇಲ್ಲ, ಬಸ್ಸು ಹಾಗೇ ದಾಟುತ್ತದೆ. ಅದಕ್ಕೇ ಆಚೆ ಕಡೆಗೆ ಬ್ರಿಟನ್ನಿನ ಅನುಮತಿಯೂ ಬೇಕು ಅನ್ನುವುದನ್ನು ಮಕ್ಕಳು ಮರೆಯುವುದು. ಐರ್ಲೆಂಡಿನ ವೀಸಾ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಅಲ್ಲ. ಭಾರತೀಯರಿಗೆ ಬ್ರಿಟನ್ನಿಗೂ ಹೋಗಿಬರಲು ಅವಕಾಶ ಕೊಡುವ ಜಂಟಿ ವ್ಯವಸ್ಥೆ ಇದೆ, ವೀಸಾದ ಮೇಲೆ ಬಿಐವಿಎಸ್ ಎಂದು ನಮೂದಾಗಿರಬೇಕು. ಮೊದಲು ಐರ್ಲೆಂಡಿಗೇ ಕಾಲಿಡಬೇಕು. ಕಾಲೇಜಿನವರು ಅರ್ಜಿ ಹಾಕುವಾಗಲೇ ಇದನ್ನು ವಿಚಾರಿಸು, ಹೊರಡುವ ಹಿಂದಿನ ವಾರ ಕೇಳಿದರೆ ಏನೂ ಮಾಡಲಾಗುವುದಿಲ್ಲ.