ಹೈಡ್ರೋಜನ್ ಪ್ಲಾಸ್ಮಾ ಬಿಸಿ ಮಾಡಲು ಹೀಲಿಯಂ-3 ಯಾಕೆ ಬೆರೆಸುತ್ತಾರೆ?

ನೀವು ಕೇಳಿರುವುದು ಎರಡು. ಟೋಕಮಾಕ್ ಅಂದರೆ ಪ್ಲಾಸ್ಮಾವನ್ನು (ಎಲೆಕ್ಟ್ರಾನ್ ಬೇರೆಯಾದ ಬಿಸಿ ಅನಿಲ) ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರದಂಥ ಸಮ್ಮಿಳನ ಯಂತ್ರ. ಅದರ ಪ್ಲಾಸ್ಮಾದಲ್ಲಿ ಲಕ್ಷಗಟ್ಟಲೆ ಆಂಪಿಯರ್ ಕರೆಂಟ್ ಹರಿಯುವಾಗ ಬಿಸಿ ಮಾಡಲು ರೇಡಿಯೋ ತರಂಗ ಬೇರೆ ಯಾಕೆ? ಬೇಕೇ ಬೇಕು ಅಂದರೂ, ಹೈಡ್ರೋಜನ್ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಕಾಂತಕ್ಷೇತ್ರದಲ್ಲಿ ಸುತ್ತುವ ಫ್ರೀಕ್ವೆನ್ಸಿಗೆ ಟ್ರಾನ್ಸ್‌ಮಿಟರ್ ಟ್ಯೂನ್ ಮಾಡಿದರೆ ಮುಗೀತಲ್ವಾ, ಹೀಲಿಯಂ-3 (ಹೀಲಿಯಂನ ಹಗುರ ರೂಪ) ಬೆರೆಸುವ ಉಸಾಬರಿ ಯಾಕೆ?

ಮೊದಲನೆಯದು ಸುಲಭ. ಪ್ಲಾಸ್ಮಾ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಎರಡು ಮೂರು ಕೋಟಿ ಡಿಗ್ರಿ ಮುಟ್ಟುವ ಹೊತ್ತಿಗೆ ಕರೆಂಟ್ ಕೊಡುವ ಬಿಸಿ ಸಾಲುವುದಿಲ್ಲ. ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೀರಿಯಂ-ಟ್ರಿಟಿಯಂ ಸಮ್ಮಿಳನಕ್ಕೆ ಬೇಕಾದ್ದು 10 ಕೋಟಿಗೂ ಜಾಸ್ತಿ. ಉಳಿದದ್ದನ್ನು ಹೊರಗಿನಿಂದಲೇ ತುಂಬಬೇಕು.

ಎರಡನೆಯದೇ ಮಜಾ ಇರುವ ಪ್ರಶ್ನೆ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಅಯಾನು, ಅಂದರೆ ಬರೀ ಪ್ರೋಟಾನ್, ಸೆಕೆಂಡಿಗೆ ಸುಮಾರು 1.52 ಕೋಟಿ ಸುತ್ತು ಹಾಕುತ್ತದೆ. ಅದೇ 15.2 ಮೆಗಾಹರ್ಟ್ಸ್. ಹೀಲಿಯಂ-3ಕ್ಕೆ ಇದು 10.1, ಡ್ಯೂಟೀರಿಯಂಗೆ 7.6. ಕ್ಷೇತ್ರ ಎಷ್ಟು ಪಟ್ಟು ಹೆಚ್ಚೋ ಫ್ರೀಕ್ವೆನ್ಸಿಯೂ ಅಷ್ಟೇ ಪಟ್ಟು. ಇಂಗ್ಲೆಂಡಿನ ಕಲ್ಹಮ್‌ನಲ್ಲಿ 2023ರವರೆಗೆ ನಡೆದ ಜೆಟ್ ಯಂತ್ರದಲ್ಲಿ ಇದಕ್ಕೆ 23ರಿಂದ 57 ಮೆಗಾಹರ್ಟ್ಸ್ ಬಳಸುತ್ತಿದ್ದರು. ನಾವು ಕೇಳುವ ಎಫ್‌ಎಂಗಿಂತ ಒಂಚೂರು ಕೆಳಗೆ ಅಷ್ಟೇ, ಓವನ್ನಿನ ಮೈಕ್ರೋವೇವ್ ಅಲ್ಲ.

ಈಗ ತೊಡಕು ನೋಡಿ. ಅಯಾನುಗಳೆಲ್ಲ ಒಂದೇ ದಿಕ್ಕಿಗೆ ಸುತ್ತುತ್ತವೆ. ತರಂಗದ ವಿದ್ಯುತ್ ಕ್ಷೇತ್ರದಲ್ಲಿ ಮಾತ್ರ ಎರಡು ಪಾಲು: ಅಯಾನಿನ ಜೊತೆಗೇ ತಿರುಗುವುದು ಒಂದು, ಎದುರು ದಿಕ್ಕಿಗೆ ತಿರುಗುವುದು ಇನ್ನೊಂದು. ಅಯಾನನ್ನು ಪ್ರತಿ ಸುತ್ತಿನಲ್ಲೂ ತಳ್ಳುವುದು ಮೊದಲನೆಯದು. ಪೂರ್ತಿ ಹೈಡ್ರೋಜನ್ನೇ ಇದ್ದರೆ, ಅದರದೇ ಫ್ರೀಕ್ವೆನ್ಸಿಯಲ್ಲಿ ಅಷ್ಟೂ ಅಯಾನುಗಳು ಒಟ್ಟಿಗೆ ಎದ್ದು ಕುಣಿಯುತ್ತವೆ. ಆ ಓಡಾಟದಿಂದ ಹುಟ್ಟುವ ಕರೆಂಟ್, ತಮಗೆ ಬೇಕಾದ ಪಾಲನ್ನೇ ಅಳಿಸಿಹಾಕುತ್ತದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಊರೆಲ್ಲ ನುಗ್ಗಿದರೆ ಯಾರ ಎಲೆಗೂ ಅನ್ನ ಬೀಳಲ್ಲವಲ್ಲ, ಹಾಗೆ. ಎದುರು ತಿರುಗುವ ಪಾಲು ಉಳಿಯುತ್ತದೆ, ತರಂಗ ಸುಮ್ನೆ ದಾಟಿ ಹೋಗುತ್ತದೆ.

ಅದಕ್ಕೇ ಟ್ಯೂನ್ ಮಾಡುವುದು ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ. ಡ್ಯೂಟೀರಿಯಂ ಪ್ಲಾಸ್ಮಾದಲ್ಲಿ ಶೇ. 5ರಷ್ಟು ಹೈಡ್ರೋಜನ್ ಇದ್ದರೆ, ತರಂಗ ಹೇಗಿರಬೇಕು ಎಂದು ತೀರ್ಮಾನಿಸುವುದು ಡ್ಯೂಟೀರಿಯಂ. ಹೈಡ್ರೋಜನ್ನಿನ ಫ್ರೀಕ್ವೆನ್ಸಿಯಲ್ಲಿ ಬೇಕಾದ ಪಾಲು ಅಳಿಯದೆ ಉಳಿದಿರುತ್ತದೆ. ಆ ಕೆಲವೇ ಪ್ರೋಟಾನ್‌ಗಳು ಅದನ್ನು ಹೀರಿ ಭಾರೀ ವೇಗ ಪಡೆದು, ಆಮೇಲೆ ಡಿಕ್ಕಿ ಹೊಡೆಯುತ್ತಾ ಬಿಸಿಯನ್ನು ಎಲ್ಲರಿಗೂ ಹಂಚುತ್ತವೆ. ನಿಮ್ಮ ಹೈಡ್ರೋಜನ್ ಪ್ಲಾಸ್ಮಾದಲ್ಲಿ ಇದೇ ಕೆಲಸ ಹೀಲಿಯಂ-3ರದ್ದು. ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಹೈಡ್ರೋಜನ್ನನ್ನೇ ಹಿಡಿಯುವ ದಾರಿಯೂ ಇದೆ, ಆದರೆ ಅದು ಚೆನ್ನಾಗಿ ನಡೆಯಲು ಅಯಾನುಗಳು ಮೊದಲೇ ಸಾಕಷ್ಟು ಬಿಸಿ ಇರಬೇಕು.

ನನಗೆ ತುಂಬ ಇಷ್ಟವಾದದ್ದು 2017ರಲ್ಲಿ ನೇಚರ್ ಫಿಸಿಕ್ಸ್‌ನಲ್ಲಿ ಬಂದ ಮೂರು ಅಯಾನುಗಳ ಉಪಾಯ. ಜೆಟ್‌ನಲ್ಲೂ ಅಮೆರಿಕದ ಎಂಐಟಿಯ ಆಲ್ಕೇಟರ್ ಸಿ-ಮಾಡ್ ಟೋಕಮಾಕ್‌ನಲ್ಲೂ ಮಾಡಿ ತೋರಿಸಿದರು. ಹೈಡ್ರೋಜನ್, ಡ್ಯೂಟೀರಿಯಂ ಎರಡನ್ನೂ ಬೆರೆಸಿ, ಅದಕ್ಕೆ ಶೇ. 1ಕ್ಕಿಂತ ಕಡಿಮೆ ಹೀಲಿಯಂ-3. ಅದರ ಫ್ರೀಕ್ವೆನ್ಸಿ ಇವೆರಡರ ನಡುವೆ ಬೀಳುತ್ತದೆ. ಮಿಶ್ರಣದ ಪ್ರಮಾಣವನ್ನು ಹದ ಮಾಡಿದರೆ, ಬೇಕಾದ ಪಾಲು ಜೋರಾಗಿರುವ ಜಾಗ ಸರಿಯಾಗಿ ಹೀಲಿಯಂ-3ರ ಫ್ರೀಕ್ವೆನ್ಸಿ ತರಂಗಕ್ಕೆ ಹೊಂದುವಲ್ಲೇ ಬರುತ್ತದೆ. ಚಿಟಿಕೆಯಷ್ಟು ಹೀಲಿಯಂ ಅಷ್ಟೂ ಶಕ್ತಿಯನ್ನು ಹೀರುತ್ತದೆ.

ಕಾಗದದ ಮೇಲೆ ಇದೆಲ್ಲ ಚೆನ್ನ. ನನ್ನನ್ನು ಕೇಳಿದರೆ ನಿಜವಾದ ತಲೆನೋವು ಆಂಟೆನಾ. ಅಂಚಿನ ತೆಳು ಪ್ಲಾಸ್ಮಾದಲ್ಲಿ ಈ ತರಂಗ ಸಾಗುವುದಿಲ್ಲ, ಹಾಗಾಗಿ ಆಂಟೆನಾದ ಲೋಹದ ಪಟ್ಟಿಗಳನ್ನು ಪ್ಲಾಸ್ಮಾಕ್ಕೆ ಕೆಲವೇ ಸೆಂಟಿಮೀಟರ್ ಹತ್ತಿರ ಕೂರಿಸಬೇಕು. ಹತ್ತಿರ ಹೋದರೆ ಆಂಟೆನಾದ ಲೋಹ ಕಿತ್ತು ಪ್ಲಾಸ್ಮಾ ಕೊಳೆಯಾಗುತ್ತದೆ. ದೂರ ಇಟ್ಟರೆ ಶಕ್ತಿ ಒಳಗೆ ಹೋಗದೆ ವಾಪಸ್ ಬರುತ್ತದೆ. ಪ್ಲಾಸ್ಮಾದ ಅಂಚು ಆಗಾಗ ಜಿಗಿಯುತ್ತಲೇ ಇರುತ್ತದೆ, ಹಾಗೆ ಜಿಗಿದಾಗೆಲ್ಲ ಲೋಡ್ ಬದಲಾಗುತ್ತದೆ. ಮೆಗಾವ್ಯಾಟ್ ಲೆಕ್ಕದ ಟ್ರಾನ್ಸ್‌ಮಿಟರ್ ಇದನ್ನು ತಡೆದುಕೊಳ್ಳಬೇಕು. ಫ್ರಾನ್ಸ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಇಟರ್‌ಗೆ ಈ ಆರ್‌ಎಫ್ (ರೇಡಿಯೋ ತರಂಗದ) ಸೋರ್ಸ್‌ಗಳನ್ನು ಕೊಡುವ ಹೊಣೆ ಭಾರತದ್ದೇ, ಗಾಂಧಿನಗರದ ಇಟರ್-ಇಂಡಿಯಾ ನೋಡಿಕೊಳ್ಳುತ್ತಿದೆ.