ಸಂತೋಷ ಬಂದ ಮೇಲೆ ಹಂಚುತ್ತೇನೆ ಎಂದು ಕೂರಬೇಡಿ

ಇಗರ್ಜಿಗೆ ಹೋಗುತ್ತೇನೆ, ಪ್ರಾರ್ಥಿಸುತ್ತೇನೆ, ಆದರೂ ಒಳಗೆ ಸಂತೋಷವಿಲ್ಲ. ಇಲ್ಲದ್ದನ್ನು ಇತರರಿಗೆ ಹೇಗೆ ಹಂಚಲಿ ಎಂದು ಕೇಳಿದ್ದೀರಿ. ಅಪ್ಪ ತೀರಿಕೊಂಡ ಮೇಲೆ ನಾನೂ ಇದೇ ಮಾತು ಹೇಳಿಕೊಂಡು ತಿರುಗುತ್ತಿದ್ದೆ.

ಮಂಗಳೂರಿನ ಕಡೆಯ ಕ್ಯಾಥೊಲಿಕ್ ಮನೆ ನಮ್ಮದು. ಕ್ರಿಸ್ಮಸ್ ಬಂತೆಂದರೆ ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಎಲ್ಲ ಸೇರಿದ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗಲೇಬೇಕು. ಅಪ್ಪ ತೀರಿಕೊಂಡ ವರ್ಷ ನಾವು ಅದನ್ನು ಮಾಡಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಮರುವರ್ಷ ಅಮ್ಮ ಅಕ್ಕಿ ನೆನೆಹಾಕಲು ಹೊರಟಾಗ ನಾನೇ ತಡೆದೆ. ಮನಸ್ಸಿನಲ್ಲಿಲ್ಲದ ಹಬ್ಬವನ್ನು ತಟ್ಟೆಯಲ್ಲಿಟ್ಟು ಕೊಡುವುದು ಬೂಟಾಟಿಕೆ ಎಂದೆ.

ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ. ದುಃಖಪಟ್ಟದ್ದು ತಪ್ಪಲ್ಲ. ಇಗರ್ಜಿಯ ಬಲಿಪೂಜೆ ತಪ್ಪಿಸಿದ್ದೂ ದೊಡ್ಡದಲ್ಲ. ಸಂತೋಷ ಮೊದಲು ನನ್ನೊಳಗೆ ತುಂಬಬೇಕು, ಉಕ್ಕಿದ್ದನ್ನಷ್ಟೇ ಊರಿಗೆ ಕೊಡಬೇಕು ಎಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಅಮ್ಮನ ಮೇಲೂ ಹೇರಿದೆ. ಕೈತುಂಬ ಮಾಡಲು ಅವರಿಗೆ ಉಳಿದಿದ್ದ ಒಂದೇ ಕೆಲಸವನ್ನು ಪ್ರಾಮಾಣಿಕತೆಯ ಹೆಸರಿನಲ್ಲಿ ಕಸಿದುಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. ನಾಗರಪಂಚಮಿಗೆ ಪಕ್ಕದ ಮನೆಯಿಂದ ತಪ್ಪದೆ ಬರುತ್ತಿದ್ದ ಅರಿಶಿನ ಎಲೆಯ ಗಟ್ಟಿ ಎಂಬ ಸಿಹಿ ಕಡುಬೂ ಬರಲಿಲ್ಲ. ಹಬ್ಬವೇ ಬೇಡವೆಂದವರಿಗೆ ಸಿಹಿ ಕೊಡುವುದು ಹೇಗೆಂದು ಅವರು ಹಿಂಜರಿದಿದ್ದರಂತೆ.

ಮುಂದಿನ ಡಿಸೆಂಬರಿನಲ್ಲಿ ಅಮ್ಮ ನನ್ನನ್ನು ಕೇಳಲೇ ಇಲ್ಲ. ಹಿಟ್ಟಿನ ಮುದ್ದೆಯನ್ನೂ ಒಂದು ಹೊಸ ಬಾಚಣಿಗೆಯನ್ನೂ ಮುಂದಿಟ್ಟರು. ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಸುತ್ತಿದರೆ ಕಿಡಿಯೊ. ನನ್ನವು ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಂಡವು. ಅಮ್ಮ ನಕ್ಕರು, ನನಗೂ ನಗು ಬಂತು. ತಟ್ಟೆ ಹಿಡಿದು ಮನೆಮನೆಗೆ ಹೋಗಿ ಬರುವಷ್ಟರಲ್ಲಿ ನಾನು ಬೂಟಾಟಿಕೆಯ ವಿಚಾರವನ್ನೇ ಮರೆತಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಬೈಬಲಿನಲ್ಲಿ ನೆಹೆಮೀಯನ ಗ್ರಂಥದ 8ನೇ ಅಧ್ಯಾಯ ಓದಿ. ಧರ್ಮಶಾಸ್ತ್ರ ಕೇಳಿ ಅಳುತ್ತಿದ್ದ ಜನರಿಗೆ ಸಿಕ್ಕ ಅಪ್ಪಣೆ: ಹೋಗಿ ಉಣ್ಣಿರಿ, ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲು ಕಳುಹಿಸಿರಿ. ಅಳುತ್ತಿದ್ದವರೇ ಹೋಗಿ ಪಾಲು ಕಳುಹಿಸಿದರು.

'ವಿಶ್ವಾಸಿಯ ಮುಖ ಸದಾ ನಗುತ್ತಿರಬೇಕು' ಎನ್ನುವವರನ್ನು ಕಂಡರೆ ನನಗಾಗದು. ಸದಾ ಆನಂದಿಸಿರಿ ಎಂದು ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಸೆರೆಯಿಂದ ಬರೆದ ಸಂತ ಪೌಲನೇ ಅಳುವವರೊಂದಿಗೆ ಅಳಿರಿ ಎಂದು ರೋಮಿನವರಿಗೂ ಬರೆದ. ನಿದ್ದೆ, ಹಸಿವು ಎರಡೂ ಬಿಟ್ಟುಹೋಗಿದ್ದರೆ ಅದನ್ನು ವಿಶ್ವಾಸದ ಕೊರತೆ ಎಂದುಕೊಳ್ಳದೆ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಈ ವಾರವೇ ಏನಾದರೂ ಮಾಡಿ ನೆರೆಮನೆಗೆ ಕೊಡಿ. ಜೊತೆಗೆ ಬೋಧನೆ ಬೇಡ, ನಿಮ್ಮ ವಿಶ್ವಾಸದ ಬಗ್ಗೆ ಕೇಳಿದವರಿಗಷ್ಟೇ ಹೇಳಿ. ನಮ್ಮ ಪಕ್ಕದ ಮನೆಯ ಹುಡುಗಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯಲ್ಲಿ ಮಗುವನ್ನು ಹುಲ್ಲಿನ ಮೇಲೇಕೆ ಮಲಗಿಸಿದ್ದೀರಿ ಎಂದು ಕೇಳಿದ್ದೇ ತಡ, ಅಮ್ಮ ಒಲೆ ಆರಿಸಿ ಬಂದು ಇಡೀ ಕಥೆ ಹೇಳಿ ಮುಗಿಸಿದರು.